ಮೂಡಿಲ್ಲದ ಮೂಡಿಗೆರೆ

ಕೆಲಸಕ್ಕೆ ಮನಸ್ಸು ಬಾರದಿದ್ದರೆ ಏನು ಮಾಡಬೇಕು ಎಂಬುದನ್ನು ಕಲಿಯಲು ಬೆಂಗಳೂರಿನವರು ಈಗ ಮೂಡಿಗೆರೆಯ ಹೋಂಸ್ಟೇಗಳಿಗೆ ಬರುತ್ತಾರೆ. ಖರ್ಚು ಕಂಪನಿಯದು. ‘ದೊಡ್ಡ ಕೆಲಸವನ್ನು ಚೂರು ಚೂರು ಮಾಡಿಕೊಳ್ಳಿ, ಸಣ್ಣ ಗೆಲುವನ್ನೂ ಸಂಭ್ರಮಿಸಿ’ ಎಂದು ತರಬೇತುದಾರ ಮೈಕು ಹಿಡಿದಿರುವಾಗ, ಬೇಲಿಯಾಚೆಯ ಕಾಫಿ ತೋಟದಲ್ಲಿ ಅಸ್ಸಾಮಿನಿಂದ ಬಂದ ಹೆಂಗಸು ಸೊಂಟಕ್ಕೆ ಚೀಲ ಕಟ್ಟಿಕೊಂಡು ಅದನ್ನೇ ಮಾಡುತ್ತಿರುತ್ತಾಳೆ. ಒಂದು ಗಿಡ, ಆಮೇಲೆ ಇನ್ನೊಂದು. ಕೂಲಿ ಕೆ.ಜಿ. ಲೆಕ್ಕ. ಸಂಜೆ ತೂಕದ ಹೊತ್ತಿಗೆ ರೈಟರು ಎಲೆ, ಕಡ್ಡಿ ಎಂದು ಒಂದಿಷ್ಟು ಮುರಿದುಕೊಂಡ ಮೇಲೆ ಉಳಿದದ್ದು ಅವಳ ಸಣ್ಣ ಗೆಲುವು. ಸಂಭ್ರಮಿಸಲು ಪುರುಸೊತ್ತಿಲ್ಲ, ಲೈನ್ ಮನೆಯಲ್ಲಿ ಒಲೆ ಹಚ್ಚಬೇಕು.

ನಮ್ಮ ಸಾಹುಕಾರರ ಕಷ್ಟ ಬೇರೆ. ಅವರ ಉತ್ಸಾಹ ಲಂಡನ್ನಿನಿಂದ ಬರಬೇಕು. ರೊಬಸ್ಟಾದ ಹಣೆಬರಹ ಅಲ್ಲಿ, ಅರೇಬಿಕಾದ್ದು ನ್ಯೂಯಾರ್ಕಿನಲ್ಲಿ. ಹಾಗಾಗಿ ಎದ್ದ ಕೂಡಲೇ ನೋಡುವುದು ತೋಟವನ್ನಲ್ಲ, ಮೊಬೈಲನ್ನು. ದರ ಇಳಿದಿದ್ದರೆ ‘ಗೊಬ್ಬರ ಹಾಕಿ ಯಾರನ್ನು ಉದ್ಧಾರ ಮಾಡಬೇಕು?’ ಏರಿದ್ದರೆ ‘ಇನ್ನೂ ಏರಲಿ, ನೋಡೋಣ.’ ಎರಡೂ ದಿನ ಆಗುವ ಕೆಲಸ ಒಂದೇ. ಹಿಂದೆ ಬೆಳೆಯನ್ನೆಲ್ಲ ಕಾಫಿ ಬೋರ್ಡಿನ ಪೂಲಿಗೆ ಒಪ್ಪಿಸಿ ಕಂತಿನ ಹಣಕ್ಕೆ ಕಾಯುತ್ತಿದ್ದರು. 1996ರ ಹೊತ್ತಿಗೆ ಮಾರಾಟ ಪೂರ್ತಿ ಮುಕ್ತವಾಯಿತು. ಕಾಯುವ ಅಭ್ಯಾಸ ಮುಕ್ತವಾಗಲಿಲ್ಲ. ಈಗ ಬ್ರೆಜಿಲ್‌ನಲ್ಲಿ ಹಿಮ ಬೀಳಲಿ ಎಂದು ಕಾಯುತ್ತಾರೆ. 1975ರಲ್ಲಿ ಒಮ್ಮೆ ಬಿದ್ದು ಜಗತ್ತಿನ ದರವನ್ನೇ ಎಬ್ಬಿಸಿತ್ತಲ್ಲ, ಆ ಆಸೆ.

ಇನ್ನುಳಿದ ಕಾರಣಗಳನ್ನು ಹವಾಮಾನ ಒದಗಿಸುತ್ತದೆ. ಮಳೆ ಬಿಡಲಿ. ಮಳೆ ಬಿಟ್ಟರೆ ಕೊಯ್ಲು ಮುಗಿಯಲಿ. ಕೊಯ್ಲು ಮುಗಿದರೆ ಹೂಮಳೆ ಬರಲಿ. ಹೂಮಳೆ ಬಂದ ಮೇಲೆ ಮರಗಸಿಗೆ ಆಳು ಸಿಗುವುದಿಲ್ಲ, ಅಷ್ಟರಲ್ಲಿ ಕಳಸದ ಕಡೆ ಮತ್ತೆ ಮೋಡ.

ತೋಟದಲ್ಲಿ ಪ್ರೇರಣೆಯ ಕೊರತೆಯೇ ಇಲ್ಲದ ಜೀವಿಯೆಂದರೆ ಬಿಳಿ ಕಾಂಡಕೊರಕ. ಏಪ್ರಿಲ್–ಮೇ ಒಂದು ಸಲ, ಅಕ್ಟೋಬರಿನಿಂದ ಡಿಸೆಂಬರ್ ಒಳಗೆ ಇನ್ನೊಂದು ಸಲ ದುಂಬಿ ಹಾರುತ್ತದೆ, ಅರೇಬಿಕಾದ ತೊಗಟೆಯಲ್ಲಿ ಮೊಟ್ಟೆಯಿಡುತ್ತದೆ. ಮರಿ ಹುಳು ಕಾಂಡದೊಳಗೆ ಕೂತು ಕೊರೆಯುತ್ತದೆ. ಅದಕ್ಕೆ ಲಂಡನ್ ದರ ಬೇಡ, ತರಬೇತುದಾರನೂ ಬೇಡ. ಹಾರುವ ಮೊದಲೇ ಹುಳು ಹಿಡಿದ ಗಿಡ ಹುಡುಕಿ ಕಿತ್ತು ಸುಡಿ ಎಂದು ಬಾಳೆಹೊನ್ನೂರಿನ ಸಂಶೋಧನಾ ಸಂಸ್ಥೆ ಹೇಳಿ ಹೇಳಿ ಸುಸ್ತಾಗಿದೆ. 1925ರಿಂದ ಅಲ್ಲೇ ಇದೆ, ಪಾಪ. ನಾವು ‘ನಾಳೆ ಆಳು ಬಿಡೋಣ’ ಎನ್ನುವಷ್ಟರಲ್ಲಿ ಹುಳು ತನ್ನ ವಾರ್ಷಿಕ ಗುರಿ ಮುಟ್ಟಿರುತ್ತದೆ.

ಇಷ್ಟಾಗಿಯೂ ಕೊಯ್ಲಿನ ನಡುವೆ ಯಾವನಾದರೂ ಆಳು ತಲೆ ಕೆರೆದುಕೊಂಡು, “ಇವತ್ತು ಯಾಕೋ ಮೈ ಬಗ್ತಿಲ್ಲ ಸಾಹುಕಾರ್ರೇ” ಅಂದನೋ, ಸುದ್ದಿ ಕ್ಲಬ್ಬಿಗೆ ಮುಟ್ಟುತ್ತದೆ. “ಈಗಿನ ಜನಕ್ಕೆ ದುಡಿಯೋ ಮನಸ್ಸೇ ಇಲ್ಲ ಮಾರಾಯ” ಎಂದು ಸಾಹುಕಾರರು ನಿಟ್ಟುಸಿರು ಬಿಡುತ್ತಾರೆ. ಹೊತ್ತು ಹಗಲು ಹನ್ನೊಂದೂವರೆ. ಇಸ್ಪೀಟು ಕಲೆಸುವ ಸರದಿ ಅವರದೇ.