ಬಿಚ್ಚುವವರ ಕೈಪಿಡಿ: ಮಾರುತಿ 800, ಕಾರ್ಬುರೇಟರ್ ಮಾದರಿ

ಈ ಕೈಪಿಡಿಯನ್ನು ಹಿಡಿಯುವ ಮೊದಲೇ ಕೈ ತೊಳೆದುಬಿಡಿ. ಆಮೇಲೆ ತೊಳೆದರೂ ಹೋಗುವುದಿಲ್ಲ.

ಭಾಗ 1: ಕೊಳ್ಳುವುದು

ಬೇಕಾದದ್ದು ಹಳೆಯ ಮಾರುತಿ 800 ಒಂದು. 1983ರ ಡಿಸೆಂಬರ್‌ನಲ್ಲಿ ಇಂದಿರಾ ಗಾಂಧಿ ಮೊದಲ ಗಾಡಿಯ ಕೀಲಿ ಕೊಟ್ಟಂದಿನಿಂದ 2014ರಲ್ಲಿ ತಯಾರಿಕೆ ನಿಲ್ಲುವವರೆಗೆ ದೇಶದಲ್ಲಿ 25 ಲಕ್ಷಕ್ಕೂ ಹೆಚ್ಚು ಮಾರಾಟವಾಗಿವೆ. ಅದರಲ್ಲೊಂದು ನಿಮ್ಮ ಸೋದರಮಾವನ ಹಿತ್ತಲಲ್ಲಿ ತೆಂಗಿನ ಗರಿಯ ಕೆಳಗೆ ಇದ್ದೇ ಇರುತ್ತದೆ. ಬೆಲೆಯ ಮಾತು ಬಂದಾಗ ಮಾವ "ಇಂಜಿನ್ ಚಿನ್ನ ಕಣೋ" ಎನ್ನುತ್ತಾರೆ. ನಿಜ. ಚಿನ್ನದ ಹಾಗೇ ಹತ್ತು ವರ್ಷದಿಂದ ಅದನ್ನು ಹೊರಗೆ ತೆಗೆದಿಲ್ಲ.

ದುಡ್ಡು ಎಣಿಸುವ ಮೊದಲು ಕಾಲಡಿಯ ಮ್ಯಾಟ್ ಎತ್ತಿ ನೋಡಿ. ನೆಲ ಕಂಡರೆ, ಅಂದರೆ ಗಾಡಿಯ ನೆಲವಲ್ಲ, ಮಾವನ ಹಿತ್ತಲಿನ ನೆಲ ಕಂಡರೆ, ಬೆಲೆ ಇಳಿಸಿ. ಫ್ರಿಜ್ಜಿನ ಬಾಗಿಲಿನ ಅಯಸ್ಕಾಂತವೊಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಗಾಡಿಯ ಮೈಗೆ ಅಲ್ಲಲ್ಲಿ ಅಂಟಿಸಿ. ಎಲ್ಲಿ ಜಾರಿ ಬೀಳುತ್ತದೋ ಅಲ್ಲಿ ತಗಡಿಲ್ಲ, ಪುಟ್ಟಿ ಇದೆ. ಹದಿನೈದು ವರ್ಷ ದಾಟಿದ ಗಾಡಿಯ ಆರ್‌ಸಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಮಾವ ಅದನ್ನು ಹೇಳುವುದಿಲ್ಲ, ನೀವೇ ಕೇಳಬೇಕು.

ಮನೆಗೆ ತಂದು ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆದಿಡಬೇಡಿ. ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಮಳೆಗಾಲವೊಂದು ಕಳೆದರೆ ಹಿಂದಿನ ಬ್ರೇಕ್ ಶೂಗಳು ಡ್ರಮ್ಮಿಗೆ ಅಂಟಿಕೊಂಡುಬಿಡುತ್ತವೆ. ಇದು ನನಗೆ ಮೊದಲೇ ಗೊತ್ತಿತ್ತು.

ಭಾಗ 2: ಸಲಕರಣೆ

ಅಂಗಡಿಯಲ್ಲಿ ಎರಡೂ ತುದಿ ಬಾಯಿರುವ ಸ್ಪ್ಯಾನರ್ ಸೆಟ್ ಕೇಳಿ: 10-11, 12-13, 14-15, 16-17. ಜಪಾನಿನಲ್ಲಿ ಹುಟ್ಟಿದ ಈ ಗಾಡಿಗೆ ಹೆಚ್ಚಾಗಿ ಬೇಕಾಗುವುದು 10, 12, 14 ಮತ್ತು 17. ಹಾಗಾಗಿ ಪ್ರತಿ ಸ್ಪ್ಯಾನರಿನ ಒಂದು ಬಾಯಿ ಸವೆದು ಸವೆದು ಹಲ್ಲುದುರಿಸಿಕೊಳ್ಳುತ್ತದೆ, ಇನ್ನೊಂದು ಮದುವಣಗಿತ್ತಿಯಂತೆ ಹೊಳೆಯುತ್ತಲೇ ಇರುತ್ತದೆ. ಅವಿಭಕ್ತ ಕುಟುಂಬದಲ್ಲಿ ಬೆಳೆದವರಿಗೆ ಇದರಲ್ಲಿ ಹೊಸದೇನೂ ಕಾಣುವುದಿಲ್ಲ.

ಸೀಮೆಎಣ್ಣೆ, ಹಳೇ ಬನಿಯನ್, ಚಹಾ. ಪ್ಲಗ್ ಮೂರು ಸಾಕು, ಇದು ಮೂರು ಸಿಲಿಂಡರಿನ ಗಾಡಿ. ಅಭ್ಯಾಸಬಲದಿಂದ ನಾಲ್ಕು ತಂದಿದ್ದರೆ ನಾಲ್ಕನೆಯದನ್ನು ಎತ್ತಿಡಿ, ಭಾಗ 7ಕ್ಕೆ ಬೇಕಾಗುತ್ತದೆ.

ಭಾಗ 3: ಎತ್ತುವುದು

ಈ ಭಾಗದಲ್ಲಿ ತಮಾಷೆ ಇಲ್ಲ. ಚಕ್ರದ ನಟ್ಟುಗಳನ್ನು ಗಾಡಿ ನೆಲದ ಮೇಲಿರುವಾಗಲೇ ಒಂದು ಸುತ್ತು ಸಡಿಲಿಸಿ, ಆಮೇಲೆ ಜಾಕಿ ಕೊಡಿ. ಜಾಕಿಯೊಂದನ್ನೇ ನಂಬಿ ಅಡಿಗೆ ತೂರಬೇಡಿ, ಕಬ್ಬಿಣದ ಸ್ಟ್ಯಾಂಡು ಇಡಿ. ಕಟ್ಟಡ ಕಟ್ಟಿ ಮಿಕ್ಕ ಹಾಲೋ ಬ್ಲಾಕ್ ಬೇಡ. ಅದು ಒಡೆಯುವ ಮೊದಲು ಬಿರುಕು ತೋರಿಸುವುದಿಲ್ಲ. ಗಾಡಿಯ ತೂಕ ಸುಮಾರು 650 ಕಿಲೋ. ಚಿಕ್ಕ ಕಾರು ಎಂಬುದು ರಸ್ತೆಯ ಮೇಲಿನ ಮಾತು.

ಭಾಗ 4: ಕಾರ್ಬುರೇಟರ್

ಬಾನೆಟ್ ಎತ್ತಿ. ಬಾನೆಟ್ ಎತ್ತಿದ ಕಾರೂ ಪಂಚಾಂಗ ಬಿಚ್ಚಿದ ಜೋಯಿಸರೂ ಒಂದೇ, ಬೀದಿಯಲ್ಲಿ ಹೋಗುವವರು ನಿಂತೇ ನಿಲ್ಲುತ್ತಾರೆ. ಹಾಲಿನವನು ಕಾಯಿಲ್ ಹೋಗಿದೆ ಎನ್ನುತ್ತಾನೆ. ಎದುರುಮನೆಯ ನಿವೃತ್ತ ಹೆಡ್‌ಮಾಸ್ತರು ಅಂಬಾಸಿಡರಿಗೆ ಈ ತೊಂದರೆಯೇ ಇರಲಿಲ್ಲವೆಂದು ಶುರುಮಾಡಿ 1978ರ ಧರ್ಮಸ್ಥಳ ಪ್ರವಾಸದವರೆಗೆ ಹೋಗುತ್ತಾರೆ. ತಡೆಯಬೇಡಿ. ಟಾರ್ಚ್ ಹಿಡಿಯಲು ಒಬ್ಬರು ಬೇಕು.

ಕಾರ್ಬುರೇಟರಿನ ಸುತ್ತ ಪೆನ್ಸಿಲ್ ಗಾತ್ರದ ಕಪ್ಪು ರಬ್ಬರ್ ನಳಿಕೆಗಳು ಕಾಣುತ್ತವೆ. ಅವು ವ್ಯಾಕ್ಯೂಮ್ ಹೋಸ್‌ಗಳು. ನೋಡಲು ಎಲ್ಲವೂ ಒಂದೇ ಥರ, ಕೆಲಸ ಮಾತ್ರ ಬೇರೆ ಬೇರೆ. ಒಂದನ್ನು ಕೀಳುವ ಮೊದಲು ಫೋಟೊ ತೆಗೆಯಿರಿ. ಕಿತ್ತ ಮೇಲೆ ತೆಗೆದ ಫೋಟೊ ಬರೀ ನೆನಪಿಗೆ. ಹಳೇ ಹೋಸು ಬಿಸಿಲಿಗಿಟ್ಟ ಸಂಡಿಗೆಯಂತೆ ಗಟ್ಟಿಯಾಗಿ ಬಿರಿದಿರುತ್ತದೆ, ಆ ಬಿರುಕಿನಿಂದ ಕಳ್ಳಗಾಳಿ ಒಳಗೆ ಹೋಗಿ ಐಡ್ಲಿಂಗ್ ಏರಿಳಿಯುತ್ತದೆ. ನಾನು ಎರಡು ಭಾನುವಾರ ಐಡ್ಲಿಂಗ್ ಸ್ಕ್ರೂ ತಿರುಗಿಸಿದೆ. ತಪ್ಪಿದ್ದದ್ದು ಗೇಣುದ್ದದ ಒಂದು ಹೋಸಿನಲ್ಲಿ. ಹೆಡ್‌ಮಾಸ್ತರು ಅದನ್ನು ಮೊದಲ ಭಾನುವಾರವೇ ಬೆರಳಿಟ್ಟು ತೋರಿಸಿದ್ದರು.

ಜೆಟ್ ಕಟ್ಟಿಕೊಂಡಿದ್ದರೆ ಸೂಜಿ, ತಂತಿ ತೂರಿಸಬೇಡಿ. ಹಿತ್ತಾಳೆ ಮೆದು. ತೂತು ಕೂದಲೆಳೆಯಷ್ಟು ಹಿಗ್ಗಿದರೂ ಗಾಡಿ ಕುಡಿತ ಕಲಿಯುತ್ತದೆ. ಸೈಕಲ್ ಪಂಪಿನಿಂದ ಗಾಳಿ ಹೊಡೆದರೆ ಸಾಕು.

ಇಷ್ಟರಲ್ಲಿ ಯಾರಾದರೊಬ್ಬರು "ಥರ್ಮೋಸ್ಟಾಟ್ ಕಿತ್ತು ಬಿಸಾಕಿ ಸಾರ್, ನಮ್ಮ ಹವಾಗೆ ಬೇಡ" ಎಂದೇ ಎನ್ನುತ್ತಾರೆ. ಈ ಸಲಹೆಗೂ ಕಾರಣವಿದೆ. ಹಳೇ ಥರ್ಮೋಸ್ಟಾಟ್ ಮುಚ್ಚಿದ ಸ್ಥಿತಿಯಲ್ಲೇ ಸಿಕ್ಕಿಕೊಂಡರೆ ನೀರು ಕುದ್ದು ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ಆದರೆ ಕಿತ್ತುಹಾಕಿದರೆ ಇಂಜಿನ್ ಬಿಸಿಯೇರಲು ಒದ್ದಾಡುತ್ತದೆ, ಪೆಟ್ರೋಲ್ ಹೆಚ್ಚು ಸುಡುತ್ತದೆ, ಸಿಲಿಂಡರು ಬೇಗ ಸವೆಯುತ್ತದೆ. ಹೊಸದು ಹಾಕಿ. ಸಲಹೆ ಕೊಟ್ಟವರಿಗೆ ಕಿತ್ತು ಬಿಸಾಕಿದೆ ಎಂದು ಹೇಳಿ. ಹಳೆಯದನ್ನು ಬಿಸಾಕಿದ್ದು ನಿಜವೇ.

ಭಾಗ 5: ಮಾಡಿಫಿಕೇಶನ್

ಮೋಟಾರು ವಾಹನ ಕಾಯ್ದೆಯ 52ನೆಯ ಕಲಮನ್ನು ಓದಿ. ಓದಿದ ಮೇಲೂ ಆಸೆ ಉಳಿದಿದ್ದರೆ ಅದನ್ನು ಹಾರ್ನಿನಲ್ಲಿ ತೀರಿಸಿಕೊಳ್ಳಬೇಡಿ. 12 ಇಂಚಿನ ಚಕ್ರ ಕಿತ್ತು ಅಗಲದ 13 ಇಂಚಿನ ಅಲಾಯ್ ಹಾಕಿಸಿದ ನನ್ನ ಚಿಕ್ಕಪ್ಪನ ಮಗನಿಗೆ ಪಾರ್ಕಿಂಗಿನಲ್ಲಿ ಸ್ಟೀರಿಂಗ್ ತಿರುಗಿಸಿ ತಿರುಗಿಸಿ ತೋಳು ದಪ್ಪವಾಯಿತು, ಅಷ್ಟೇ ಲಾಭ. ಟಯರಿನ ಸುತ್ತಳತೆ ಹೆಚ್ಚಾದ್ದರಿಂದ ಸ್ಪೀಡೋಮೀಟರ್ ಇರುವ ವೇಗಕ್ಕಿಂತ ಕಡಿಮೆ ತೋರಿಸತೊಡಗಿತು. ಅವನ ತಾಯಿಗೆ ಅದೊಂದೇ ಸಮಾಧಾನ.

ಭಾಗ 6: ಜೋಡಿಸುವುದು

ಬಿಚ್ಚಿದ ಕ್ರಮವನ್ನು ಹಿಂದುಮುಂದಾಗಿ ಅನುಸರಿಸಿ. ಬಿಚ್ಚಿದ ಕ್ರಮ ನೆನಪಿದ್ದವರು ಈ ಕೈಪಿಡಿ ಓದುತ್ತಿರಲಿಲ್ಲ.

ಭಾಗ 7: ಆಯುಧಪೂಜೆ

ಭಾಗ 6 ಮುಗಿಯದೆ ದಸರಾ ಬಂದರೂ ಪೂಜೆ ತಪ್ಪಿಸಬಾರದು. ಸ್ಪ್ಯಾನರುಗಳಿಗೆಲ್ಲ ಕುಂಕುಮ ಇಡಿ, ದುಡಿದ ಬಾಯಿ, ದುಡಿಯದ ಬಾಯಿ ಎಂದು ಭೇದ ಬೇಡ. ನಾಲ್ಕನೆಯ ಪ್ಲಗ್ಗಿಗೆ ಹೂವು ಮುಡಿಸಿ. ಬೂದುಗುಂಬಳ ಒಡೆಯಿರಿ. ನಾಲ್ಕು ಚಕ್ರದ ಮುಂದೆ ನಾಲ್ಕು ನಿಂಬೆಹಣ್ಣು ಇಡಿ.

ಇಂಜಿನ್ ಓಡದಿದ್ದರೆ ಗಾಡಿಯನ್ನು ನ್ಯೂಟ್ರಲ್ಲಿಗೆ ತಂದು ಮೂವರು ತಳ್ಳಿ. ನಮ್ಮಲ್ಲಿ ತಳ್ಳಿದ್ದು ನಾನು, ಚಿಕ್ಕಪ್ಪನ ಮಗ, ಹೆಡ್‌ಮಾಸ್ತರು. ಮುಂದಿನ ಎರಡು ನಿಂಬೆಹಣ್ಣು ಪಟಪಟನೆ ಒಡೆದವು. ಹಿಂದಿನ ಚಕ್ರಗಳು ಮಾತ್ರ ಉರುಳಲೇ ಇಲ್ಲ, ಅಮ್ಮ ಬಿಟ್ಟ ರಂಗೋಲಿಯನ್ನು ಒರೆಸುತ್ತ, ನಿಂಬೆಹಣ್ಣನ್ನು ಮುಂದೆ ದೂಡುತ್ತ ಜಾರಿದವು. ಜೂನ್ ತಿಂಗಳಲ್ಲಿ ಯಾರೋ ಹ್ಯಾಂಡ್‌ಬ್ರೇಕ್ ಎಳೆದಿಟ್ಟಿದ್ದರು. ಯಾರೋ ಅಂದರೆ, ಭಾಗ 1 ಬರೆದವರು.

ಅಮ್ಮ ಒಡೆಯದೆ ಉಳಿದ ಎರಡು ನಿಂಬೆಹಣ್ಣನ್ನು ಎತ್ತಿ, ಸೆರಗಿನಲ್ಲಿ ಒರೆಸಿ, ಪಕ್ಕದ ಮನೆ ಹುಡುಗಿಯ ಸ್ಕೂಟರಿನ ಚಕ್ರಗಳ ಮುಂದೆ ಇಟ್ಟರು. "ಅದು ಓಡುತ್ತೆ," ಎಂದರು.