ಯಂತ್ರನಾಮ ಚಂದ್ರಿಕೆ ಅಥವಾ ಮೂವತ್ತೇಳು ಯಾರು?

"ಮೂವತ್ತೇಳು ಯಾರ್ರೀ?"

ರಾಜಾಜಿನಗರದ ಒಂದು ಕಚೇರಿಯ ಎರಡನೇ ಮಹಡಿ. ಊಟ ಮುಗಿದು ತೂಕಡಿಕೆ ಶುರುವಾಗುವ ಹೊತ್ತು. ಸಿಸ್ಟಮ್ ಅಡ್ಮಿನ್ ಹುಡುಗನ ಬಾಯಿಂದ ಬಿದ್ದ ಈ ಪ್ರಶ್ನೆಯೇ ಯಂತ್ರನಾಮಶಾಸ್ತ್ರದ ಮೊದಲ ಸೂತ್ರ. 192.168.1.37 ಎಂಬ ವಿಳಾಸದ ಕಂಪ್ಯೂಟರೊಂದು ಇಡೀ ಆಫೀಸಿನ ಇಂಟರ್‌ನೆಟ್ಟನ್ನು ಗಟಗಟ ಕುಡಿಯುತ್ತಿದೆ ಎಂದು ರೌಟರ್ ಹೇಳುತ್ತಿತ್ತು. ನಂಬರು ಸಿಕ್ಕಿದೆ, ಆಸಾಮಿ ಸಿಕ್ಕಿಲ್ಲ. ಮೂವತ್ತು ಪರದೆಗಳ ಹಿಂದೆ ಮೂವತ್ತು ತಲೆಗಳು ತಗ್ಗಿದವು. ಅರ್ಧ ಜನ ಅವನು ವಯಸ್ಸು ಕೇಳುತ್ತಿದ್ದಾನೆ ಅಂದುಕೊಂಡರು. ಉಳಿದವರಿಗೆ ತಮ್ಮ ನಂಬರೇ ಗೊತ್ತಿರಲಿಲ್ಲ.

ಪೂರ್ವಾಚಾರ್ಯರು "ನಾನು ಯಾರು?" ಎಂಬ ಪ್ರಶ್ನೆಯ ಮೇಲೆ ಸಾಕಷ್ಟು ಬರೆದಿದ್ದಾರೆ. ಅದೀಗ ಕಷ್ಟದ ಪ್ರಶ್ನೆಯಾಗಿ ಉಳಿದಿಲ್ಲ. ಕಪ್ಪು ಪರದೆ ತೆರೆದು "ಹೂಆಮ್‌ಐ" ಎಂದು ಟೈಪಿಸಿ ಎಂಟರ್ ಒತ್ತಿದರೆ ಒಂದೇ ಸಾಲಿನಲ್ಲಿ ಆತ್ಮಜ್ಞಾನವಾಗುತ್ತದೆ. ಕಷ್ಟವಿರುವುದು "ಅವನು ಯಾರು?" ಎಂಬಲ್ಲಿ. ಅದಕ್ಕಾಗಿ ಹುಟ್ಟಿದ ಆಜ್ಞೆಯೇ ಎನ್‌ಎಸ್‌ಲುಕಪ್. ಈ ಮಹತ್ವದ ಕೃತಿಯ ಮೇಲೆ ಕನ್ನಡದಲ್ಲಿ ಒಂದು ಟೀಕೆಯೂ ಇಲ್ಲವಲ್ಲ ಎಂದು ಪ್ರಸ್ತುತ ಪ್ರಬಂಧಕಾರರು ಬಹುಕಾಲ ನೊಂದಿದ್ದರು.

ಮೊದಲು ಕಾಲ ಮತ್ತು ಕರ್ತೃವಿನ ವಿಚಾರ. ಆದಿಯಲ್ಲಿ ಒಂದು ಕಡತವಿತ್ತು. ಅರ್ಪಾನೆಟ್ ಕಾಲದಲ್ಲಿ ಜಾಲದ ಕಂಪ್ಯೂಟರುಗಳ ಹೆಸರು, ನಂಬರು ಎಲ್ಲವೂ "ಹೋಸ್ಟ್ಸ್" ಎಂಬ ಒಂದೇ ಪಠ್ಯ ಕಡತದಲ್ಲಿದ್ದವು. ಕಡತವಿದ್ದದ್ದು ಕ್ಯಾಲಿಫೋರ್ನಿಯಾದ ಮೆನ್ಲೊ ಪಾರ್ಕಿನ ಎಸ್‌ಆರ್‌ಐ ಸಂಸ್ಥೆಯಲ್ಲಿ, ಎಲಿಜಬೆತ್ ಫೈನ್ಲರ್ ಮುಖ್ಯಸ್ಥೆಯಾಗಿದ್ದ ಮಾಹಿತಿ ಕೇಂದ್ರದ ಸುಪರ್ದಿನಲ್ಲಿ. ಹೊಸ ಯಂತ್ರ ಬಂತೋ, ಅವರಿಗೆ ತಿಳಿಸಬೇಕು, ಅವರು ಬರೆದುಕೊಳ್ಳಬೇಕು, ಉಳಿದವರೆಲ್ಲ ಆಗಾಗ ಹೋಗಿ ನಕಲು ತೆಗೆದುಕೊಳ್ಳಬೇಕು. ಊರಿಗೆಲ್ಲ ಒಬ್ಬರೇ ಶಾನುಭೋಗರು, ಒಂದೇ ಖಾತೆ ಪುಸ್ತಕ. ಹೆಸರು 24 ಅಕ್ಷರ ಮೀರುವಂತಿರಲಿಲ್ಲ.

ಊರು ಬೆಳೆಯಿತು, ಪುಸ್ತಕ ಉಬ್ಬಿತು. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧನಾಲಯವೊಂದರಲ್ಲಿದ್ದ ಪಾಲ್ ಮೊಕಪೆಟ್ರಿಸ್ ಕೈಗೆ ಸಹೋದ್ಯೋಗಿ ಜಾನ್ ಪೋಸ್ಟೆಲ್, ಪುಸ್ತಕದ ಬದಲಿಗೆ ಬಂದಿದ್ದ ಐದು ಸಲಹೆಗಳನ್ನು ಕೊಟ್ಟು, ಇವುಗಳ ನಡುವೆ ರಾಜಿ ಮಾಡಿಸಪ್ಪ ಎಂದರು. ಮೊಕಪೆಟ್ರಿಸ್ ಐದನ್ನೂ ಪಕ್ಕಕ್ಕಿಟ್ಟು ಆರನೆಯದನ್ನು ತಾವೇ ಬರೆದರು. ಪಂಚಾಯ್ತಿಗೆ ಕರೆಸಿಕೊಂಡವರು ಜಮೀನನ್ನೇ ಹೊಸದಾಗಿ ಅಳೆದ ಹಾಗೆ. 1983ರ ನವೆಂಬರಿನಲ್ಲಿ ಆರ್‌ಎಫ್‌ಸಿ ಎಂಬ ಸರಣಿಯ 882, 883 ಸಂಖ್ಯೆಯ ದಸ್ತಾವೇಜುಗಳಾಗಿ ಹೊರಬಂದ ಅದೇ, ಹೆಸರು ಕೇಳಿ ನಂಬರು ಹೇಳುವ ಇವತ್ತಿನ ಡಿಎನ್‌ಎಸ್. ಮರುವರ್ಷ ಬರ್ಕ್‌ಲಿಯ ನಾಲ್ವರು ವಿದ್ಯಾರ್ಥಿಗಳು ಅದನ್ನು ಯುನಿಕ್ಸ್‌ಗೆ ಇಳಿಸಿ ಬೈಂಡ್ ಎಂದು ಕರೆದರು. ಅಲ್ಲಿಯದೇ ಇನ್ನೊಬ್ಬ ವಿದ್ಯಾರ್ಥಿ ಆಂಡ್ರ್ಯೂ ಚೆರೆನ್ಸನ್ ಬರೆದದ್ದು ಎನ್‌ಎಸ್‌ಲುಕಪ್. ಮೂಲ ಪಾಠದ ತಲೆಯ ಮೇಲೆ ಅವರ ಹೆಸರಿನ ಜೊತೆಗೆ ಕೋರ್ಸಿನ ನಂಬರೂ 1985 ಎಂಬ ಇಸವಿಯೂ ಇವೆ. ಕವಿಕಾಲ ನಿರ್ಣಯಕ್ಕಾಗಿ ನೂರು ವರ್ಷ ಜಗಳವಾಡಿದ ಕನ್ನಡ ವಿದ್ವತ್ತಿಗೆ ಇದು ತುಸು ನಿರಾಸೆ ತರುವ ಸಂಗತಿಯೇ ಸರಿ.

ಈಗ ಗ್ರಂಥಕ್ಕೆ ಬರೋಣ. ಹೆಸರು ಕೊಟ್ಟು ನಂಬರು ಕೇಳಿದರೆ ಎನ್‌ಎಸ್‌ಲುಕಪ್ ಸೀದಾ ಉತ್ತರಕ್ಕೆ ಬರುವುದಿಲ್ಲ. ಮೊದಲ ಎರಡು ಸಾಲು ತನಗೆ ಹೇಳಿದವರ ವಂದನೆಗೆ ಮೀಸಲು: ಸರ್ವರ್ ಇಂಥವರು, ಅವರ ವಿಳಾಸ ಇಂಥದು. ಗುರುವಂದನೆಯಿಲ್ಲದೆ ಕಾವ್ಯವಿಲ್ಲ. ಎಷ್ಟೋ ಆಫೀಸುಗಳ ವಿಂಡೋಸ್ ಯಂತ್ರಗಳಲ್ಲಿ ಈ ಗುರುವಿನ ಹೆಸರು "ಅನ್‌ನೋನ್" ಎಂದಿರುತ್ತದೆ. ನಡುವಿನ ಕೆ ಅಕ್ಷರವೊಂದು ಯಾವ ಕಾರಣಕ್ಕೋ ದೊಡ್ಡದಾಗಿ ಎದ್ದು ನಿಂತಿರುತ್ತದೆ. ಆರಂಭಿಕರು ಗಾಬರಿಯಾಗಿ ನೆಟ್ಟೇ ಕೆಟ್ಟಿತೆಂದು ಫೋನು ಮಾಡುತ್ತಾರೆ. ಏನೂ ಕೆಟ್ಟಿಲ್ಲ. ನಂಬರಿನಿಂದ ಹೆಸರು ಹೇಳುವ ಪಟ್ಟಿಯಲ್ಲಿ ಸರ್ವರಿನ ಸ್ವಂತ ಹೆಸರನ್ನು ಯಾರೂ ಬರೆದಿಲ್ಲ, ಅಷ್ಟೇ. ಊರವರ ಜಾತಕವೆಲ್ಲ ಬಾಯಲ್ಲಿರುವ ಮದುವೆ ಬ್ರೋಕರಿನ ನಿಜವಾದ ಹೆಸರು ಯಾರಿಗೆ ತಾನೇ ಗೊತ್ತು?

ಮೂರನೇ ಸಾಲೇ ಗ್ರಂಥದ ಜೀವ: "ನಾನ್ ಅಥಾರಿಟೇಟಿವ್ ಆನ್ಸರ್". ಇದನ್ನು "ಅನಧಿಕೃತ ಉತ್ತರ" ಎಂದು ಅನುವಾದಿಸುವವರಿದ್ದಾರೆ. ಹಾಗೆಂದರೆ ಬೆಂಗಳೂರಿನವರಿಗೆ ಕೆರೆ ಮುಚ್ಚಿ ಕಟ್ಟಿದ ಬಡಾವಣೆ ನೆನಪಾಗುತ್ತದೆ. ಪ್ರಬಂಧಕಾರರ ನಮ್ರ ಮತದಲ್ಲಿ ಇದಕ್ಕೆ ಕನ್ನಡದಲ್ಲಿ ಎರಡಕ್ಷರದ ಪದವಿದೆ: ಅಂತೆ. ಆ ಹೆಸರಿನ ಯಜಮಾನಿಕೆಯಿರುವ ಸರ್ವರನ್ನೇ ಕೇಳಿ ಬಂದ ಉತ್ತರವಲ್ಲ. ಯಾರೋ ಹಿಂದೆ ಕೇಳಿದ್ದಾಗ ಬಂದದ್ದನ್ನು ಈ ಸರ್ವರ್ ನೆನಪಿಟ್ಟುಕೊಂಡು ಹೇಳುತ್ತಿದೆ. ಅದರ ವಿಳಾಸ ಇದಂತೆ. ಇಂಗ್ಲಿಷಿನವರಿಗೆ ಇದನ್ನು ಹೇಳಲು ಒಂದು ಸಾಲು ಬೇಕಾಯಿತು. ನಮ್ಮಲ್ಲಿ ಕ್ರಿಯಾಪದದ ಬಾಲ ಸಾಕು. ಒಂದು ಅಂತೆಯನ್ನು ಎಷ್ಟು ಹೊತ್ತು ಹಬ್ಬಿಸಬಹುದು ಎಂಬುದಕ್ಕೂ ಕಟ್ಟಳೆಯಿದೆ. ಅದು ಟಿಟಿಎಲ್, ಲೆಕ್ಕ ಸೆಕೆಂಡುಗಳಲ್ಲಿ. 3600 ಎಂದಿದ್ದರೆ ಒಂದು ಗಂಟೆ, 86400 ಎಂದಿದ್ದರೆ ಒಂದು ದಿನ. ಅವಧಿ ಮುಗಿದ ಮೇಲೆ ಸುದ್ದಿಯನ್ನು ಮರೆತು ಮತ್ತೆ ಮೂಲಕ್ಕೆ ಹೋಗಿ ಕೇಳಬೇಕು. ಇಂಥ ನಿಯಮ ನಮ್ಮ ವಠಾರಗಳಲ್ಲಿ ಎಂದೂ ಜಾರಿಯಲ್ಲಿರಲಿಲ್ಲ.

ಇಲ್ಲಿ ಪೂರ್ವಪಕ್ಷದವರು ಎದ್ದು ನಿಲ್ಲುತ್ತಾರೆ: "ಪಿಂಗ್ ಮಾಡಿದರೆ ಸಿಗುವ ಹೆಸರು ಎನ್‌ಎಸ್‌ಲುಕಪ್‌ಗೆ ಸಿಗುವುದಿಲ್ಲವಲ್ಲ, ಇದೆಂಥ ಪ್ರಮಾಣಗ್ರಂಥ?" ಆಕ್ಷೇಪ ನಿಜ. ಪಿಂಗ್ ಸಂಸಾರಿ. ಮೊದಲು ಮನೆಯೊಳಗಿನ ಹೋಸ್ಟ್ಸ್ ಕಡತ ನೋಡುತ್ತದೆ (ಮೆನ್ಲೊ ಪಾರ್ಕಿನ ಆ ಖಾತೆ ಪುಸ್ತಕದ ಮರಿಮಗ ಇಂದಿಗೂ ಪ್ರತಿ ಕಂಪ್ಯೂಟರಿನ ಮೂಲೆಯಲ್ಲಿ ಬದುಕಿದೆ), ಆಮೇಲೆ ಡಿಎನ್‌ಎಸ್ ಕೇಳುತ್ತದೆ, ಅಲ್ಲೂ ಸಿಗದಿದ್ದರೆ ಬೀದಿಯಲ್ಲಿ ನಿಂತು ಕೂಗುತ್ತದೆ. ಎನ್‌ಎಸ್‌ಲುಕಪ್ ಸನ್ಯಾಸಿ. ಮನೆಯ ಕಡೆ ತಿರುಗಿಯೂ ನೋಡದೆ ಸೀದಾ ಮಠಕ್ಕೆ ಹೋಗುತ್ತದೆ. ಮಠದಲ್ಲಿ ಇಲ್ಲವೆಂದರೆ ಜಗತ್ತಿನಲ್ಲೇ ಇಲ್ಲ.

ಹುಡುಗನಿಗೆ ಬೇಕಾದದ್ದು ಹೆಸರಿನಿಂದ ನಂಬರಲ್ಲ, ನಂಬರಿನಿಂದ ಹೆಸರು. ಈ ವಿಲೋಮ ವಿಧಿಯೇ ಪ್ರಬಂಧದ ಕಿರೀಟ. 192.168.1.37 ಎಂದು ಕೊಟ್ಟರೆ ಎನ್‌ಎಸ್‌ಲುಕಪ್ ಅದನ್ನು ಬಲದಿಂದ ಎಡಕ್ಕೆ ತಿರುವಿ 37.1.168.192 ಮಾಡಿ, ಬಾಲಕ್ಕೆ "ಇನ್‌ಆಡರ್.ಅರ್ಪಾ" ಎಂದು ಕಟ್ಟಿ ಕೇಳುತ್ತದೆ. ಓದುಗರು ಇಲ್ಲಿ ಒಂದು ಕ್ಷಣ ಕರ್ನಾಟಕ ಸಂಗೀತವನ್ನು ನೆನೆಯಬೇಕು. 72 ಮೇಳಕರ್ತ ರಾಗಗಳ ಹೆಸರಿನ ಮೊದಲೆರಡು ಅಕ್ಷರಗಳಲ್ಲಿ ಕಟಪಯಾದಿ ಸೂತ್ರದಂತೆ ರಾಗದ ನಂಬರು ಅಡಗಿದೆ. ಮೇಚಕಲ್ಯಾಣಿಯಲ್ಲಿ ಮ ಎಂದರೆ 5, ಚ ಎಂದರೆ 6. ತಿರುವಿ ಓದಿದರೆ 65. ಮಾಯಾಮಾಳವಗೌಳದಲ್ಲಿ 5, 1, ತಿರುವಿದರೆ 15. ಕಲ್ಯಾಣಿ ಎಂಬ ಸೊಗಸಾದ ಹೆಸರಿಗೆ "ಮೇಚ" ಅಂಟಿಕೊಂಡದ್ದೂ, ಶಂಕರಾಭರಣದ ಮುಂದೆ "ಧೀರ" ಬಂದು 29 ಆದದ್ದೂ ಈ ಲೆಕ್ಕಕ್ಕಾಗಿಯೇ. ಎರಡು ಕಡೆಯೂ ಹೆಸರು, ಎರಡು ಕಡೆಯೂ ನಂಬರು, ಎರಡು ಕಡೆಯೂ ತಿರುವುಮುರುವು! ಆದ್ದರಿಂದ ಡಿಎನ್‌ಎಸ್ ನಮ್ಮಲ್ಲಿ ಮೊದಲೇ ಇತ್ತು ಎಂದು ಪ್ರಬಂಧಕಾರರು ಸಾರುವವರಿದ್ದರು. ಅಷ್ಟರಲ್ಲಿ ವೀಣೆ ಕಲಿಯುತ್ತಿರುವ ಅವರ ಮಗಳು, "ಅಪ್ಪಾ, ಮೇಳಕರ್ತಕ್ಕೆ ಸರ್ವರ್ ಬೇಡ, ನಂಬರು ಹೆಸರೊಳಗೇ ಇದೆ. ಅದಕ್ಕೇ ಅದು ಡೌನ್ ಆಗಲ್ಲ" ಎಂದು ವಾದವನ್ನು ಮುರಿದಳು.

ಹುಡುಗನಿಗೂ ವಿಲೋಮ ವಿಧಿ ಫಲಿಸಲಿಲ್ಲ. "ನಾನ್ ಎಕ್ಸಿಸ್ಟೆಂಟ್ ಡೊಮೈನ್" ಎಂಬ ಶೂನ್ಯವಾದಿ ಉತ್ತರ ಬಂತು. ಇಂಟರ್‌ನೆಟ್ ಇನ್ನೂ ಖಾಲಿಯಾಗುತ್ತಲೇ ಇತ್ತು.

ಪ್ರಸಂಗವಶಾತ್ ಒಂದು ಮಾತು. ಈ ಗ್ರಂಥಕ್ಕೆ ಒಮ್ಮೆ ಮರಣದಂಡನೆಯೂ ಆಗಿತ್ತು. 2000ದಲ್ಲಿ ಬಂದ ಬೈಂಡ್ 9ರಲ್ಲಿ ಎನ್‌ಎಸ್‌ಲುಕಪ್ ತೆರೆದಾಗಲೆಲ್ಲ, ಇದರ ಕಾಲ ಮುಗಿಯಿತು, ಡಿಗ್ ಅಥವಾ ಹೋಸ್ಟ್ ಬಳಸಿ ಎಂಬ ಸೂಚನೆ ಕಾಣಿಸುತ್ತಿತ್ತು. ಸಾಯುವವನ ಬಾಯಲ್ಲೇ ಶ್ರದ್ಧಾಂಜಲಿ. ಡಿಗ್ ಎಂಬುದರ ಹಿಗ್ಗಿಸಿದ ರೂಪ "ಡೊಮೈನ್ ಇನ್‌ಫರ್ಮೇಶನ್ ಗ್ರೋಪರ್", ಅಂದರೆ ಕತ್ತಲಲ್ಲಿ ತಡಕುವವನು. ತಡಕುವ ಪಂಥದವರು ಬೀಗಿದರು. ಆದರೆ ಜನ ಕೈಗೆ ಹತ್ತಿದ್ದನ್ನು ಬಿಡಲಿಲ್ಲ. 2004ರ 9.3ರಲ್ಲಿ ಆ ಸೂಚನೆಯನ್ನೇ ತೆಗೆದುಹಾಕಿದರು. ಶಾಲು ಹೊದಿಸಿ ಬೀಳ್ಕೊಟ್ಟ ಗುಮಾಸ್ತರು ಮಾರನೇ ದಿನ ಹತ್ತು ಗಂಟೆಗೆ ಅದೇ ಕುರ್ಚಿಯಲ್ಲಿ!

ಹುಡುಗ ಈಗ ಎನ್‌ಬಿಟಿಸ್ಟಾಟ್ ಎಂಬ ಎರಡನೇ ಗ್ರಂಥ ಬಿಚ್ಚಿದ. ಇದು ಲೋಕಲ್ ನೆಟ್‌ವರ್ಕಿನ ನೆಟ್‌ಬಯಾಸ್ ಹೆಸರುಗಳನ್ನು ಹೇಳುವ ಶಾಖೆ. ಇದರಲ್ಲಿ ಚಿಕ್ಕ ಎ ಹಾಕಿದರೆ ಮುಂದೆ ಹೆಸರು ಕೊಡಬೇಕು, ದೊಡ್ಡ ಎ ಹಾಕಿದರೆ ನಂಬರು. ಅಲ್ಪಪ್ರಾಣ ಮಹಾಪ್ರಾಣ ತಪ್ಪಿದರೆ ಪ್ರಯೋಗ ವಿಫಲ. ಉತ್ತರ ಬಂದರೆ ಮಾತ್ರ ಅರ್ಚನೆಯ ಚೀಟಿಯ ಹಾಗೆ ಪೂರ್ತಿ ಬರುತ್ತದೆ: ಯಂತ್ರದ ಹೆಸರು, ವರ್ಕ್‌ಗ್ರೂಪ್ ಎಂಬ ಗೋತ್ರ, ಯಾವ ಯಾವ ಸೇವೆ ಎಂಬುದಕ್ಕೆ 00, 20 ಮುಂತಾದ ಸಂಕೇತ.

ಈ ಹೆಸರುಗಳು ತಂತಿಯ ಮೇಲೆ ಹೇಗೆ ಹೋಗುತ್ತವೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಹೆಸರಿಗೆ 15 ಅಕ್ಷರ, ಹದಿನಾರನೆಯದು ಸೇವೆಯ ಸಂಕೇತ. ಪ್ರತಿ ಅಕ್ಷರವನ್ನೂ ಅರ್ಧಕ್ಕೆ ಸೀಳಿ, ಒಂದೊಂದು ಹೋಳಿಗೂ ಎ ಇಂದ ಪಿ ವರೆಗಿನ ಒಂದು ಅಕ್ಷರ ಕೊಡುತ್ತಾರೆ. ಇಂಗ್ಲಿಷಿನ ನಾಲ್ಕಕ್ಷರದಲ್ಲಿ ರಾಜು ಎಂಬ ಹೆಸರಿಟ್ಟ ಕಂಪ್ಯೂಟರು ತಂತಿಯಲ್ಲಿ "ಎಫ್ ಸಿ ಇ ಬಿ ಇ ಕೆ ಎಫ್ ಎಫ್" ಆಗುತ್ತದೆ. ಉಳಿದ ಹನ್ನೊಂದು ಖಾಲಿ ಜಾಗಕ್ಕೂ ಬಿಡುವಿಲ್ಲ. ಖಾಲಿ ಜಾಗದ ಸಂಕೇತ "ಸಿ ಎ". ಹೀಗೆ ಬಡ ರಾಜು ಹೊರಟಲ್ಲೆಲ್ಲ ಹಿಂದೆ ಹನ್ನೊಂದು ಜನ ಸಿಎಗಳು ಸಾಲಾಗಿ ನಡೆಯುತ್ತಾರೆ. ರಾಜುವಿಗೆ ಆದದ್ದೇ ಭಾರತಕ್ಕೂ ಆಗಿದೆ. ಕನ್ನಡ ಲಿಪಿಯಲ್ಲೇ ಇರುವ "ಭಾರತ" ಎಂಬ ಡೊಮೈನನ್ನು ಡಿಎನ್‌ಎಸ್ ಒಯ್ಯುವುದು "ಎಕ್ಸ್ ಎನ್, ಎರಡು ಅಡ್ಡಗೆರೆ, 2 ಎಸ್ ಸಿ ಆರ್ ಜೆ 9 ಸಿ" ಎಂಬ ವೇಷದಲ್ಲಿ.

ಹೆಸರಿಡುವುದೂ ಶಾಸ್ತ್ರವೇ. 1990ರಲ್ಲಿ ಡಾನ್ ಲಿಬ್ಸ್ ಬರೆದ, ಅದೇ ಆರ್‌ಎಫ್‌ಸಿ ಸರಣಿಯ 1178ನೇ ದಸ್ತಾವೇಜು ಕಂಪ್ಯೂಟರಿಗೆ ನಿಮ್ಮ ಹೆಸರಿಡಬೇಡಿ, ದಿನಬಳಕೆಯ ಮಾತನ್ನು ಇಡಬೇಡಿ ಎಂದು ಬುದ್ಧಿ ಹೇಳುತ್ತದೆ. "ಅಪ್" ಎಂಬ ಹೆಸರಿನ ಯಂತ್ರವೊಂದರಿಂದ, ಅಪ್ ಡೌನ್ ಆಗಿದೆಯೇ ಎಂದು ಕೇಳಬೇಕಾಗಿ ಬಂದ ಪೇಚನ್ನೂ ಅದರಲ್ಲಿ ದಾಖಲಿಸಿದ್ದಾರೆ. ಬಣ್ಣ, ಹೂವು, ಮೂಲಧಾತು ಹೀಗೆ ಒಂದು ಬಳಗದ ಹೆಸರು ಒಳ್ಳೆಯದು ಎಂಬುದು ಅವರ ಸಲಹೆ. ನಮ್ಮ ಕಡೆ ಸರ್ವರುಗಳಿಗೆ ನದಿಯ ಹೆಸರಿಟ್ಟ ಕಚೇರಿಗಳಲ್ಲಿ "ಕಾವೇರಿ ತುಂಬಿದೆ" ಎಂದರೆ ಸಂತೋಷಪಡುವಂತಿಲ್ಲ. ಡಿಸ್ಕಿನಲ್ಲಿ ಜಾಗವಿಲ್ಲ ಎಂದರ್ಥ.

ಮೂವತ್ತೇಳಕ್ಕೆ ಅಂಥ ಭಾಗ್ಯವೂ ಇರಲಿಲ್ಲ. ಎನ್‌ಬಿಟಿಸ್ಟಾಟ್ ಹೇಳಿದ್ದು "ಡೆಸ್ಕ್‌ಟಾಪ್", ಒಂದು ಅಡ್ಡಗೆರೆ, ಮುಂದೆ ಅರ್ಥವಿಲ್ಲದ ಏಳು ಅಕ್ಷರ. ವಿಂಡೋಸ್ ತಾನೇ ಇಟ್ಟುಕೊಂಡ ಹೆಸರು. ಎಣಿಸಿದರೆ ಸರಿಯಾಗಿ ಹದಿನೈದು. ಸ್ಟಾಕ್ ರಿಜಿಸ್ಟರಿನಲ್ಲಿ ಅದು ಇರಲಿಲ್ಲ. ಎಆರ್‌ಪಿ ಎಂಬ ಮೂರನೇ ಗ್ರಂಥ ನೆಟ್‌ವರ್ಕ್ ಕಾರ್ಡಿನ ಹನ್ನೆರಡಂಕಿಯ ನಂಬರು ಕೊಟ್ಟಿತು. ಅದನ್ನೂ ಯಾರೂ ಎಲ್ಲಿಯೂ ಬರೆದಿಟ್ಟಿರಲಿಲ್ಲ.

ಕೊನೆಗೆ ಹುಡುಗ ಶಾಸ್ತ್ರ ಬಿಟ್ಟು ಲೋಕಾಚಾರಕ್ಕೆ ಇಳಿದ. ಮೂವತ್ತೇಳಕ್ಕೆ ನಿಲ್ಲದ ಪಿಂಗ್ ಹಚ್ಚಿ, ಲ್ಯಾಪ್‌ಟಾಪನ್ನು ಮೊಣಕಾಲ ಮೇಲಿಟ್ಟುಕೊಂಡು, ಸ್ವಿಚ್ಚಿನ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಕೇಬಲ್ ಕಿತ್ತು ಹಾಕತೊಡಗಿದ. ಹತ್ತು ಕಿತ್ತರೂ ಉತ್ತರ ಬರುತ್ತಲೇ ಇತ್ತು. ಹನ್ನೊಂದನೆಯದು ಕಿತ್ತಾಗ ಪರದೆಯ ಮೇಲೆ "ರಿಕ್ವೆಸ್ಟ್ ಟೈಮ್ಡ್ ಔಟ್" ಮೂಡಿತು. ಅದೇ ಗಳಿಗೆಗೆ ಅಕೌಂಟ್ಸ್ ಕಡೆಯಿಂದ ಅಧಿಕೃತ ಉತ್ತರವೂ ಬಂತು.

"ಅಯ್ಯೋ, ನೆಟ್ ಹೋಯ್ತು ಕಣ್ರೀ! ಅಕ್ಕನ ಮಗಳ ಮದುವೆ ವಿಡಿಯೋ ಅರ್ಧ ಅಪ್‌ಲೋಡ್ ಆಗಿತ್ತು!"

"ಮೇಡಂ, ನೀವೇನಾ ಮೂವತ್ತೇಳು?"

"ನಂಗೆ ಶ್ರಾವಣಕ್ಕೆ ನಲವತ್ತೆರಡು ಕಣಪ್ಪಾ."

ಹುಡುಗ ಮರುಮಾತಾಡದೆ ಒಂದು ಚೀಟಿಯ ಮೇಲೆ 37 ಎಂದು ಬರೆದು ಅವರ ಮಾನಿಟರಿನ ಅಂಚಿಗೆ ಸೆಲೋಟೇಪಿನಿಂದ ಅಂಟಿಸಿದ. ಮುಂದಿನ ವಾರ ಮೇಡಂ ಅದೇ ಮದುವೆಯ ಬೀಗರೂಟಕ್ಕೆಂದು ಮೂರು ದಿನ ರಜೆ ಹಾಕಿದರು. ರೌಟರ್ ಆ ನಂಬರನ್ನು ಗೇಣಿಗೆ ಕೊಟ್ಟದ್ದು ಒಂದು ದಿನಕ್ಕೆ ಮಾತ್ರ. ಅವಧಿ ಮುಗಿದೊಡನೆ ಅದನ್ನು ಮ್ಯಾನೇಜರ್ ಸಾಹೇಬರ ಮೊಬೈಲಿಗೆ ಹಂಚಿಬಿಟ್ಟಿತು. ಚೀಟಿ ಮಾನಿಟರಿನ ಮೇಲೆ ಈಗಲೂ ಇದೆ.