ನಮ್ಮ ಡ್ರೈವರ್ ಷಡ್ಡಕ

"ನನ್ನ ಷಡ್ಡಕನಿಗೆ ಡ್ರೈವರ್ ಹುಚ್ಚು" ಎಂದರೆ ಕೇಳಿದವರು "ಯಾವ ಗಾಡಿ?" ಅನ್ನುತ್ತಾರೆ. ಗಾಡಿ ಅವನಿಗೆ ಬರುವುದೇ ಇಲ್ಲ. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ಗೆಂದು ಯಾರೋ ಬರೆದ ವೈಫೈ ಡ್ರೈವರನ್ನು, ಅಂದರೆ ವೈಫೈ ಕಾರ್ಡನ್ನು ನಡೆಸುವ ಪ್ರೋಗ್ರಾಮನ್ನು, ಫ್ರೀಬಿಎಸ್‌ಡಿ ಎಂಬ ಇನ್ನೊಂದು ಸಿಸ್ಟಮ್‌ನಲ್ಲಿ ಓಡಿಸುವುದು ಅವನ ಕಸುಬು. ಸಂಬಳ ತರುವ ಕಸುಬು ಬೇರೆ ಇದೆ, ಅದರ ಸುದ್ದಿ ಎತ್ತುವುದಿಲ್ಲ.

ಇಂಥವರನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ನೀವೂ ನೋಡಿರುತ್ತೀರಿ. ಹಳೇ ಲ್ಯಾಪ್‌ಟಾಪ್ ಕೈಗೆತ್ತಿಕೊಂಡು ಬೆಲೆ ಕೇಳುವ ಮೊದಲು ಒಳಗಿರುವ ವೈಫೈ ಕಾರ್ಡ್ ಯಾವುದೆಂದು ಕೇಳುತ್ತಾರೆ. ಷಡ್ಡಕನ ಬಾಯಲ್ಲಿ ಇಂಟೆಲ್ ಎಂಬ ಹೆಸರಿಲ್ಲ, 8086 ಅನ್ನುತ್ತಾನೆ. ಪಿಸಿಐ ಕಾರ್ಡಿನಲ್ಲಿ ತಯಾರಕರ ಗುರುತಿನ ಸಂಖ್ಯೆ ಇರುತ್ತದೆ. ಇಂಟೆಲ್‌ನದು ಅದರ 1978ರ ಚಿಪ್ಪಿನ ಹೆಸರೇ. ಮಗಳ ನಕ್ಷತ್ರ ಕೇಳಿದರೆ ಮಾತ್ರ ಹೆಂಡತಿಯ ಮುಖ ನೋಡುತ್ತಾನೆ.

"ಎರಡೂ ಓಪನ್ ಸೋರ್ಸ್ ಅಲ್ವೇನೋ, ಕಾಪಿ ಮಾಡಿದ್ರೆ ಆಯ್ತಲ್ಲ" ಎಂದೆ ಒಮ್ಮೆ, ಊಟದ ಎಲೆ ಮುಂದೆ. ಸಾರಿನ ಅನ್ನ ಆರಿಹೋಯಿತು. ಲಿನಕ್ಸ್ ಪ್ಯಾಕೆಟ್ಟನ್ನು ಎಸ್‌ಕೆಬಫ್ ಎಂಬ ಪಾತ್ರೆಯಲ್ಲಿಡುತ್ತದಂತೆ, ಬಿಎಸ್‌ಡಿಯವರದು ಎಂಬಫ್.

"ಡ್ರೈವರ್ ಅಂದ್ರೆ ಅಡುಗೆ ಭಟ್ರು ಇದ್ದಂಗೆ ಅಣ್ಣ. ಬೇರೆಯವರ ಅಡುಗೆಮನೆಗೆ ಕರೆತಂದ್ರೆ ಕೈ ಚಾಚಿದಲ್ಲಿ ಉಪ್ಪಿನ ಡಬ್ಬಿ ಸಿಗಲ್ಲ."

ಅದಕ್ಕೇ ಫ್ರೀಬಿಎಸ್‌ಡಿಯವರು ಲಿನಕ್ಸ್‌ಕೆಪಿಐ ಎಂಬ ಪದರ ಕಟ್ಟಿದ್ದಾರೆ. ಉಪ್ಪು, ಹುಳಿ, ಸೌಟು ಎಲ್ಲವನ್ನೂ ಲಿನಕ್ಸ್ ಮನೆಯಲ್ಲಿದ್ದ ಜಾಗದಲ್ಲೇ ಇಟ್ಟು, ಭಟ್ಟರಿಗೆ ಮನೆ ಬದಲಾದದ್ದೇ ತಿಳಿಯದಂತೆ ನೋಡಿಕೊಳ್ಳುವ ಏರ್ಪಾಡು. ಇದರ ಮೇಲೆ ಲೈಸೆನ್ಸಿನ ಮಡಿ ಬೇರೆ: ಲಿನಕ್ಸ್‌ನ ಲೈಸೆನ್ಸಾದ ಜಿಪಿಎಲ್ ಇರುವ ಕೋಡನ್ನು ಬಿಎಸ್‌ಡಿಯವರು ತಮ್ಮ ಸಿಸ್ಟಮ್‌ನ ತಿರುಳಾದ ಕರ್ನಲ್ ಒಳಗೆ ಬಿಟ್ಟುಕೊಳ್ಳಲು ಹಿಂದೆಮುಂದೆ ನೋಡುತ್ತಾರೆ.

"ಭಟ್ರು ಕೇಳಿದ ಸೌಟು ಇಲ್ದೇ ಹೋದ್ರೆ?"

"ಕರ್ನಲ್ ಪ್ಯಾನಿಕ್" ಎಂದ, ಮಜ್ಜಿಗೆ ಬಡಿಸಿಕೊಳ್ಳುತ್ತಾ.

ಆ ಸೌಟು ಕಾಣೆಯಾದದ್ದು ಮಾವನವರ ಸಹಸ್ರಚಂದ್ರ ದರ್ಶನದ ದಿನ. ಹೊರದೇಶದ ನಂಟರಿಗೆ ವಿಡಿಯೋದಲ್ಲಿ ತೋರಿಸುವ ಹೊಣೆ ಇವನದು. ವೈಫೈ ಸಿಕ್ಕಿತು, ಇವನ ಮುಖ ಅರಳಿತು. ಆರತಿ ಹೊತ್ತಿಗೆ ಯಾರೋ ಜಾಗ ಮಾಡಿಕೊಡಲೆಂದು ಲ್ಯಾಪ್‌ಟಾಪ್ ಮುಚ್ಚಿದರು. ತೆರೆದಾಗ ಕಪ್ಪು ಪರದೆ, ಮೇಲೆ ಬಿಳಿ ಅಕ್ಷರ. "ಭಾವ, ನಿಮ್ಮ ಫೋನ್ ಕೊಡಿ" ಎಂದಳು ನಾದಿನಿ, ಗಂಡನತ್ತ ತಿರುಗಿಯೂ ನೋಡದೆ. ಆ ದಿನ ಷಡ್ಡಕ ಹನ್ನೊಂದು ಫೋಟೋ ತೆಗೆದ. ಒಂದರಲ್ಲೂ ಮಾವನವರಿಲ್ಲ, ಹನ್ನೊಂದೂ ಆ ಪರದೆಯವು.

ಮೂರು ವಾರ ರಾತ್ರಿಯಿಡೀ ಕೂತ. ಕೊನೆಗೆ ಸೇರಿಸಿದ್ದು ಒಂದು ಸಾಲು: ಕಾರ್ಡ್ ನಿದ್ದೆಯಿಂದ ಎದ್ದಮೇಲೆ ಮಾತಾಡಿಸಲು ಇನ್ನಷ್ಟು ಮಿಲಿಸೆಕೆಂಡು ಕಾಯಬೇಕು, ಅಷ್ಟೇ. ಎದ್ದ ತಕ್ಷಣ ಅವನನ್ನು ಮಾತಾಡಿಸಬಾರದೆಂದು ನಾದಿನಿಗೆ ಮದುವೆಯಾದ ವಾರಕ್ಕೇ ಗೊತ್ತಿತ್ತು. ಈಗ ಮುಚ್ಚಿ ತೆರೆದರೂ ವೈಫೈ ಇರುತ್ತದೆ, ನಿಜ ಹೇಳಬೇಕು.

ನಿಮ್ಮ ಅಟ್ಟದ ಮೇಲೆ ಹಳೇ ಲ್ಯಾಪ್‌ಟಾಪ್ ಇದ್ದರೆ ದಯವಿಟ್ಟು ಅವನ ಕಿವಿಗೆ ಹಾಕಬೇಡಿ. ಮುಂದಿನ ತಿಂಗಳು ಮಗಳ ನಾಮಕರಣದ ವಿಡಿಯೋ ಹುಡುಕಬೇಕಂತೆ, ನಾದಿನಿಗೆ ಅವನ ಕೈ ಸೋಕದ ಒಂದು ಕಂಪ್ಯೂಟರಾದರೂ ಬೇಕು.